ಅಕಿ ಪೆಟ್ಟಿಗಿ, ನನ್ನ ಪೆಟ್ಟಿಗಿ

ಪಕ್ಕದ ಮನೆಯ ಒಗ್ಗರಣೆ ಚಟಪಟ ಅಂದರೆ ಸಾಕು, ನಮ್ಮ ಮನೆಯಲ್ಲಿ ಯಾರಿಗಾದರೂ ಒಬ್ಬರಿಗೆ ಹೊಟ್ಟೆ ಉರಿಯುತ್ತದೆ. ಇದು ನಮ್ಮ ವಂಶದ ಗುಣ. ಕಚೇರಿಯಲ್ಲಿ ಪಕ್ಕದ ಟೇಬಲ್ಲಿನವರ ಫ್ಯಾನು ಜೋರಾಗಿ ತಿರುಗುತ್ತದೆಂದು ಅಪ್ಪನಿಗೆ ಸಂಕಟ. ಎದುರು ಮನೆಯ ನಳಕ್ಕೆ ನೀರು ಮೊದಲು ಬರುತ್ತದೆಂದು ಅವ್ವನಿಗೆ ಸಂಕಟ. ನನ್ನ ಹೊಟ್ಟೆಕಿಚ್ಚು ಮಾತ್ರ ಸ್ವಲ್ಪ ಓದು ಕಲಿತದ್ದು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾದಲ್ಲಿ ನಾನು ಕಲಿತ ಅರ್ಧ ವಿದ್ಯೆ ಪಾಠದಿಂದ ಬಂತು, ಉಳಿದರ್ಧ ನನ್ನ ಗೆಳತಿಯ ಮೇಲಿನ ಹೊಟ್ಟೆಕಿಚ್ಚಿನಿಂದ ಬಂತು. ಆ ಕಾಲದಲ್ಲಿ ಇಂಥ ಹೊಟ್ಟೆಕಿಚ್ಚಿನ ಪ್ರಸಂಗಗಳು ಒಂದರ ಬೆನ್ನಿಗೊಂದು ನಡೆಯುತ್ತಲೇ ಇದ್ದವು.

ಕೂಸಿನ ಹಾಗೆ ಬಂದದ್ದು

ಗೆಳತಿ ದೋರನಹಳ್ಳಿಯವಳು. ದಿನಾ ಬಸ್ಸು ಹತ್ತಿ, ಶಹಾಪುರದಲ್ಲಿ ಇಳಿದು, ಇನ್ನೊಂದು ಬಸ್ಸು ಹತ್ತಿ ಸುರಪುರಕ್ಕೆ ಬರುತ್ತಿದ್ದಳು. ನಾನು ರಂಗಂಪೇಟೆಯಿಂದ ನಡೆದು ಬರುತ್ತಿದ್ದೆ. ಆದರೂ ಕ್ಲಾಸಿಗೆ ಅವಳೇ ಮೊದಲು. ನಮ್ಮದು ಒಂದೇ ಬೆಂಚು, ಒಂದೇ ಲ್ಯಾಬ್ ಟೇಬಲ್ಲು. ಅವಳ ಸಜ್ಜೆ ರೊಟ್ಟಿಗೆ ನಮ್ಮ ಮನೆಯ ಶೇಂಗಾ ಚಟ್ನಿ. ಎಲ್ಲರೂ ನಮ್ಮನ್ನು ಜೋಡೆತ್ತು ಅನ್ನುತ್ತಿದ್ದರು.

ಒಂದು ದಿನ ಅವಳು ಹಳೇ ಸೀರೆಯ ತುಂಡಿನಲ್ಲಿ ಏನನ್ನೋ ಸುತ್ತಿ, ಕೂಸಿನ ಹಾಗೆ ಕಂಕುಳಲ್ಲಿ ಎತ್ತಿಕೊಂಡು ಬಂದಳು. ಬಿಚ್ಚಿದರೆ ಪ್ಲೈವುಡ್ ಪೆಟ್ಟಿಗೆ. ಎದುರಿಗೆ ಗುಂಡನೆಯ ಸ್ಪೀಕರು, ಅದರ ಕೆಳಗೆ ನೀರಿನ ಪೈಪಿನ ಒಂದು ತುಂಡು ಬಾಯಿ ತೆರೆದುಕೊಂಡಿತ್ತು. ಒಳಗಿನ ಆಂಪ್ಲಿಫೈಯರ್ ಬೋರ್ಡಿಗೆ ಬೆಸುಗೆ ಹಾಕಿದ್ದೂ ಅವಳೇ. ಮೊಬೈಲಿಗೆ ವೈರು ಚುಚ್ಚಿ ಹಾಡು ಹಚ್ಚಿದಳು. ಡೊಳ್ಳಿನ ಪೆಟ್ಟು ಬಿದ್ದ ಕೂಡಲೇ ಕ್ಲಾಸಿನ ಕಿಟಕಿ ಗಾಜು ಗಡಗಡ ಅಂದಿತು.

ನಮ್ಮ ಸರ್ ಪೆಟ್ಟಿಗೆಯ ಸುತ್ತ ಒಂದು ಸುತ್ತು ಹಾಕಿದರು. ಆ ಪೈಪಿನ ಉದ್ದ, ಪೆಟ್ಟಿಗೆಯ ಅಳತೆ ಎರಡನ್ನೂ ಲೆಕ್ಕ ಹಾಕಿಯೇ ಇಟ್ಟಿದ್ದಾಳೆ, ಅದಕ್ಕೇ ಸಣ್ಣ ಸ್ಪೀಕರಿನಿಂದ ಇಷ್ಟು ದಪ್ಪ ಧ್ವನಿ ಬರುತ್ತಿದೆ ಎಂದು ಎಲ್ಲರಿಗೂ ವಿವರಿಸಿದರು. ಆಮೇಲೆ ನನ್ನ ಕಡೆ ತಿರುಗಿ, ಜೊತೆಗಾತಿ ಏನು ಮಾಡಿದಳು ಎಂದು ಕೇಳಿದರು.

"ನಾನೂ ಮಾಡಾಕತ್ತೀನ್ರಿ ಸರ್. ಇದಕ್ಕಿಂತ ದೊಡ್ಡದು," ಅಂದೆ.

ಆ ಮಾತು ಬಾಯಿಂದ ಹೊರಬೀಳುವವರೆಗೂ ಆ ಸಂಗತಿ ನನಗೂ ಗೊತ್ತಿರಲಿಲ್ಲ.

ಮನೆಗೆ ಹೋಗಿ ಅಪ್ಪನ ಮುಂದೆ ಅತ್ತುಕೊಂಡೆ. ಗೆಳತಿಯ ಅಪ್ಪ ಹೊಲದ ಕೆಲಸದ ಜೊತೆಗೆ ಸುಟ್ಟುಹೋದ ಪಂಪಿನ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುತ್ತಿದ್ದರು. ಅವಳು ತಾಮ್ರದ ತಂತಿಯಲ್ಲೇ ಆಡಿ ಬೆಳೆದವಳು. ನಮ್ಮಪ್ಪ ಗುಮಾಸ್ತರು, ಅವರು ಸುತ್ತುವುದು ಫೈಲಿಗೆ ದಾರ ಮಾತ್ರ. ನನ್ನ ಕಷ್ಟವನ್ನೆಲ್ಲ ಸಮಾಧಾನದಿಂದ ಕೇಳಿ ಅಪ್ಪ ಹೇಳಿದರು:

"ಅಕಿ ಅಪ್ಪ ಮೋಟಾರ್ ಸುತ್ತತಾನ, ಅದಕ್ಕ ಮಗಳು ಸ್ಪೀಕರ್ ಮಾಡ್ಯಾಳ. ನೀ ನನ್ನ ಮಗಳು. ಒಂದು ಅರ್ಜಿ ಬರದು ದಾರಿ ಕಾಯಬೇಕು."

ಎಷ್ಟು ಜೋಡಿ?

ಅವಳದು ಒಂದು ಪೆಟ್ಟಿಗೆ. ಆದ್ದರಿಂದ ನನ್ನವು ಎರಡು ಆಗಲೇಬೇಕಿತ್ತು, ಎಡಕ್ಕೊಂದು ಬಲಕ್ಕೊಂದು. ಅವಳದಕ್ಕೆ ಪೈಪಿನ ಬಾಯಿ ಇತ್ತು. ಆದ್ದರಿಂದ ನನ್ನವು ಬಾಯಿ ಇಲ್ಲದ, ಪೂರ್ತಿ ಮುಚ್ಚಿದ ಪೆಟ್ಟಿಗೆಗಳು. ಹಾಗೂ ಮಾಡಬಹುದೆಂದು ಪುಸ್ತಕದಲ್ಲಿತ್ತು. ಅವಳ ಹಾಗೆ ಇರಬಾರದು ಅನ್ನುವುದು ನನ್ನ ತಲೆಯಲ್ಲಿತ್ತು.

ಅಳತೆ ಬರೆದುಕೊಂಡು ರಂಗಂಪೇಟೆಯ ಬಡಗಿ ಕಾಕಾನ ಹತ್ತಿರ ಹೋದೆ. ಕೀಸುವ ಯಂತ್ರ ಒಂದೇ ಸಮನೆ ಕಿರುಚುತ್ತಿತ್ತು. ಅದರ ಮೇಲೆಯೇ ಕೂಗಿ ಹೇಳಿದೆ: ನಾಲ್ಕೂ ಕಡೆ ಮುಚ್ಚಿರಬೇಕು, ಎದುರಿಗೆ ಒಂದು ಗುಂಡನೆಯ ತೂತು, ಸಂದಿನಲ್ಲಿ ಗಾಳಿ ಸೋರಬಾರದು.

ಕಾಕಾ ಅಳತೆಯ ಚೀಟಿಯಲ್ಲಿದ್ದ ತೂತಿನ ಚಿತ್ರ ನೋಡಿ, ಎಷ್ಟು ಜೋಡಿ ಎಂದು ಕೇಳಿದ. ಒಂದೇ ಜೋಡಿ ಅಂದೆ. ಕೂಗು ಬಹಳ ಇರುತ್ತದೇನು ಎಂದು ಕೇಳಿದ. ಇಡೀ ಓಣಿಗೆ ಕೇಳಬೇಕು ಅಂದೆ. ಓಣಿಯವರು ಸುಮ್ಮನಿರುತ್ತಾರೇನು ಎಂದ. ಅವರ ಹೊಟ್ಟೆ ಉರಿಯಲಿ ಎಂದೇ ಮಾಡುವುದು ಅಂದೆ. ಕಾಕಾ ಖುಷಿಯಿಂದ ತಲೆದೂಗಿ, ತಾನು ಸಣ್ಣವನಿದ್ದಾಗ ತನ್ನ ಹತ್ತಿರವೂ ಇದ್ದವು, ಬೆಕ್ಕು ತಿಂದಿತು ಅಂದ. ಬೆಕ್ಕು ಸ್ಪೀಕರು ಯಾಕೆ ತಿನ್ನುತ್ತದೆ ಎಂದು ನನಗೆ ಅರ್ಥವಾಗಲಿಲ್ಲ. ಕೆಲಸ ಬೇಗ ಆಗಬೇಕಿತ್ತು, ಕೇಳಲಿಲ್ಲ.

ಪೆಟ್ಟಿಗೆ ತರಲು ಹೋದಾಗ ನೋಡಿದರೆ ಬಹಳ ಚಂದ ಮಾಡಿದ್ದ. ಮೂಲೆ ಮೂಲೆಗೆ ಅಂಟು ಹಾಕಿ ಉಜ್ಜಿದ್ದ. ಆದರೆ ಎರಡಕ್ಕೂ ಮೇಲೆ ಮನೆಯ ಮಾಡಿನಂತೆ ಇಳಿಜಾರು. ಎರಡರ ತೂತಿನ ಕೆಳಗೂ ನುಣ್ಣಗೆ ಕೆತ್ತಿದ ಒಂದೊಂದು ಕಡ್ಡಿ.

"ಕಾಕಾ, ಈ ಕಡ್ಡಿ ಯಾಕ್ರಿ?"

"ಮತ್ತ ಪಾರಿವಾಳ ಎಲ್ಲಿ ಕುಂದರಬೇಕವ್ವ?"

ಕಡ್ಡಿಗಳನ್ನು ಅಲ್ಲಿಯೇ ಕೊಯ್ಸಿದೆ. ಇಳಿಜಾರು ತೆಗೆದರೆ ಪೆಟ್ಟಿಗೆಯೇ ಹೋಗುತ್ತದೆ ಎಂದ, ಹಾಗೇ ಬಿಟ್ಟೆ. ಮುಂದಿನ ವಾರ ಗೆಳತಿ ನಮ್ಮ ಮನೆಗೆ ಬಂದವಳು ಮೊದಲು ಅದನ್ನೇ ನೋಡಿದಳು. ಸ್ಪೀಕರಿಗೆ ಮಾಡು ಯಾಕೆ ಎಂದು ಕೇಳಿದಳು. ಒಳಗಿನ ಗೋಡೆಗಳು ಎದುರುಬದುರು ಸಮ ಇದ್ದರೆ ಧ್ವನಿ ಅಲ್ಲಲ್ಲೇ ಬಡಿದಾಡುತ್ತದೆ, ಇಳಿಜಾರು ಇದ್ದರೆ ಚದುರಿ ಹೋಗುತ್ತದೆ ಎಂದೆ. ಅದು ನಿಜವೂ ಹೌದು. ಹಿಂದಿನ ದಿನ ಓದಿದ್ದೆ. ಅವಳು ಚಹಾ ಕುಡಿದು ಹೋದಳು.

ಮರುದಿನ ಕ್ಲಾಸಿನಲ್ಲಿ ನೋಡಿದರೆ ಬೆಂಚಿನ ಮೇಲೆ ಪೆನ್ಸಿಲಿನಿಂದ ಇಳಿಜಾರಿನ ಪೆಟ್ಟಿಗೆ ಗೀಚುತ್ತ ಕೂತಿದ್ದಳು. ಪಾರಿವಾಳದ ಗೂಡಿನ ಮೇಲೂ ಹೊಟ್ಟೆಕಿಚ್ಚು ಪಡುವವರು ಇದ್ದಾರೆಂದು ಅಂದು ಗೊತ್ತಾಯಿತು.

ಅಜ್ಜಿಯ ತಲೆದಿಂಬು

ಪೆಟ್ಟಿಗೆಯ ಒಳಗೆ ಖಾಲಿ ಬಿಟ್ಟರೆ ಧ್ವನಿ ಕೊಡದೊಳಗೆ ಮಾತಾಡಿದ ಹಾಗೆ ಬರುತ್ತದೆ. ಒಳಗೆಲ್ಲ ಅರಳೆ ತುಂಬಬೇಕು. ಗೆಳತಿಗೆ ಆ ಚಿಂತೆಯೇ ಇರಲಿಲ್ಲ. ಅವರ ಹೊಲದಲ್ಲೇ ಹತ್ತಿ. ಹೊಸ ಅರಳೆಯನ್ನು ಮದುಮಗಳ ಗಾದಿಗೆ ತುಂಬುವ ಹಾಗೆ ತುಂಬಿದ್ದಳು. ಅವಳನ್ನು ಕೇಳಿದ್ದರೆ ಕೊಡುತ್ತಿದ್ದಳು. ಅದಕ್ಕೇ ನಾನು ಕೇಳಲಿಲ್ಲ.

ಅವ್ವನಿಗೆ ಹೇಳಿದೆ. ತಲೆದಿಂಬಿನಿಂದ ತಗೊ ಅಂದಳು. ಯಾವ ತಲೆದಿಂಬು ಅಂದೆ. ಅವ್ವ ಒಂದು ಕ್ಷಣವೂ ವಿಚಾರ ಮಾಡದೆ, ರೊಟ್ಟಿ ಬಡಿಯುತ್ತಲೇ, ಹಿಟ್ಟಿನ ಬೆರಳಿನಿಂದ ಅಜ್ಜಿಯ ಹಾಸಿಗೆ ತೋರಿಸಿದಳು.

ಅಜ್ಜಿ ಪಕ್ಕದ ಮನೆಗೆ ಹರಟೆಗೆ ಹೋಗಿದ್ದಳು. ಬಂದು ಮಲಗಿದಾಗ ತಲೆ ನೇರ ನೆಲಕ್ಕೆ ತಾಗಿತು. ದಿಂಬು ಹೋಳಿಗೆಯಷ್ಟು ತೆಳ್ಳಗಾಗಿತ್ತು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸೊಸೆಯೇ ಬೆರಳು ತೋರಿಸಿದ್ದು ಎಂಬುದನ್ನೂ ಬಿಡಲಿಲ್ಲ. ಮನೆಯಲ್ಲಿ ಈಗ ಏನೋ ಆಗುತ್ತದೆ ಎಂದು ಅಪ್ಪ ಚಪ್ಪಲಿ ಮೆಟ್ಟಿಕೊಂಡರು. ಅಜ್ಜಿ ಮಾತ್ರ ಸಿಟ್ಟಾಗದೆ, ಎದ್ದು ಬಂದು, ಹಾಡು ಹಚ್ಚು ಅಂದಳು. ಪೆಟ್ಟಿಗೆಗೆ ಕಿವಿ ಕೊಟ್ಟು ಪೂರ್ತಿ ಕೇಳಿದಳು.

"ನನ್ನ ಅರಳಿ ಐತಿ, ಅದಕ್ಕ ಇಷ್ಟು ಇಂಪು ಐತಿ. ನಿಮ್ಮವ್ವನ ದಿಂಬಿಂದು ಹಾಕಿದ್ದರ ಬರೇ ವಟಗುಟ್ಟತಿತ್ತು."

ನಡುವೆ ನಿಂತವರು

ಎರಡೂ ಪೆಟ್ಟಿಗೆ ಒಟ್ಟಿಗೆ ಜೋಡಿಸಿ ಮೊದಲ ಸಲ ಹಚ್ಚಿದ ದಿನ ಮನೆಯವರನ್ನೆಲ್ಲ ಕೂಡಿಸಿದ್ದೆ. ಅಜ್ಜಿ ಎಡಗಡೆಯ ಪೆಟ್ಟಿಗೆಯ ಹತ್ತಿರ ಕೂತಳು. ಅವ್ವ ಬಲಗಡೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು. ನಾನೂ ಅಪ್ಪನೂ ಸರಿಯಾಗಿ ನಡುವೆ.

ಹಾಡು ಶುರುವಾಯಿತು. ಡೊಳ್ಳು ಇರಬೇಕಾದಲ್ಲಿ ಯಾರೋ ಕಾಗದ ಬಡಿದ ಹಾಗೆ ಆಗುತ್ತಿತ್ತು. ಗೆಳತಿಯ ಒಂದು ಪೆಟ್ಟಿಗೆ ಗಾಜು ನಡುಗಿಸಿತ್ತು, ನನ್ನ ಎರಡು ಸೇರಿ ನೊಣ ಓಡಿಸಲಿಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಆದರೆ ಅಜ್ಜಿ ತನ್ನ ಮೂಲೆಯಿಂದ ಚಲೋ ಐತಿ ಅಂದಳು. ಅವ್ವ ತನ್ನ ಹೊಸ್ತಿಲಿನಿಂದ ಇಲ್ಲಿಯೂ ಚಲೋ ಐತಿ ಅಂದಳು. ಅವರಿಬ್ಬರೂ ಒಂದೇ ಮಾತು ಹೇಳಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು.

ಗೆಳತಿಗೆ ಫೋನು ಮಾಡಿದ್ದರೆ ತಪ್ಪು ಎಲ್ಲಿದೆ ಎಂದು ಒಂದು ನಿಮಿಷದಲ್ಲಿ ಹೇಳುತ್ತಿದ್ದಳು. ಫೋನು ಕೈಗೆ ತಗೊಂಡೆ, ಕೆಳಗಿಟ್ಟೆ. ಮತ್ತೆ ತಗೊಂಡೆ, ಮತ್ತೆ ಇಟ್ಟೆ. ಮಧ್ಯಾಹ್ನವೆಲ್ಲ ವೈರು ಬಿಚ್ಚಿ ಹಾಕಿ, ಕೊನೆಗೆ ಕಂಡುಹಿಡಿದೆ. ಒಂದು ಸ್ಪೀಕರಿಗೆ ಪ್ಲಸ್ಸು ಮೈನಸ್ಸು ಅದಲುಬದಲು ಕೊಟ್ಟಿದ್ದೆ. ಗೆದ್ದ ಹುಮ್ಮಸ್ಸಿನಲ್ಲಿ ಅಪ್ಪನನ್ನು ಕೂಡಿಸಿ ಪಾಠ ಹೇಳಿದೆ: "ನೋಡಪ್ಪ, ಒಂದು ಸ್ಪೀಕರ್ ಗಾಳಿನ ಮುಂದಕ್ಕ ದಬ್ಬತೈತಿ. ಅದಾ ಹೊತ್ತಿಗೆ ಇನ್ನೊಂದು ಹಿಂದಕ್ಕ ಜಗ್ಗತೈತಿ. ಒಂದನ್ನೊಂದು ಹೊಡದು ಹಾಕ್ತಾವ. ಒಂದೊಂದರ ಹತ್ರ ಹೋದ್ರ ಚಲೋ ಕೇಳತೈತಿ. ನಡುವ ನಿಂತವಗ ಏನೂ ದಕ್ಕಂಗಿಲ್ಲ."

ಅಪ್ಪ ಅಡುಗೆಮನೆಯ ಕಡೆ ಒಮ್ಮೆ ನೋಡಿದರು, ಅಜ್ಜಿಯ ಮೂಲೆಯ ಕಡೆ ಒಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ಅಂದರು:

"ಇದು ನನಗ ಗೊತ್ತಿಲ್ಲೇನವ್ವ? ಮದುವಿ ಆದಾಗಿಂದ ನಾ ಅಲ್ಲೇ ನಿಂತೀನಿ."

ತೊಟ್ಟಿಲಿನ ಹಾಡು

ನಮ್ಮ ಓಣಿಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಕಾಕಾ ಒಬ್ಬನಿದ್ದ. ಸುರಪುರದಿಂದ ದೇವಾಪುರದವರೆಗೆ ಯಾರ ಮನೆಯ ಕಾರ್ಯವಿದ್ದರೂ ಅವನ ಸೆಟ್ಟೇ ಹೋಗಬೇಕು. ಪಕ್ಕದ ಮನೆಯವರು ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ, ಮನೆಯೊಳಗಿನ ಸಣ್ಣ ಕಾರ್ಯ, ನಮ್ಮ ಹುಡುಗಿಯ ಪೆಟ್ಟಿಗೆಯೇ ಸಾಕು ಎಂದು ನನ್ನನ್ನು ಕರೆದರು. ಕಾಕಾನಿಗೆ ಬರೀ ಊಟದ ಆಮಂತ್ರಣ ಹೋಯಿತು. ಅವನು ಎಲ್ಲರಿಗಿಂತ ಮೊದಲೇ ಬಂದು, ನನ್ನ ಪೆಟ್ಟಿಗೆಯ ಎದುರಿಗೇ ಕುರ್ಚಿ ಹಾಕಿಕೊಂಡು ಕೂತ.

ನಾನು ಸ್ವಿಚ್ಚು ಒತ್ತಿದೆ. ಹಾಡಿನ ಹಿಂದೆ ಗುಂಯ್ ಎಂದು ಒಂದೇ ಸಮನೆ ಸದ್ದು. ಕಾಕಾನ ಮುಖ ಅರಳಿತು. ಒಳಗೆ ದುಂಬಿ ಹೊಕ್ಕಂಗ ಐತಿ ಎಂದು ಪಕ್ಕದವರಿಗೆ ಕೇಳುವಷ್ಟು ಜೋರಾಗಿಯೇ ಅಂದ. ನಾನು ಬೆವರುತ್ತ ಒಂದೊಂದೇ ವೈರು ಮುಟ್ಟುತ್ತ ಹೋದೆ. ಮೊಬೈಲಿಗೆ ಹೋಗುವ ವೈರಿನ ಲೋಹದ ತುದಿಗೆ ಬೆರಳು ತಾಗಿದ ಕೂಡಲೇ ಗುಂಯ್ ನಿಂತಿತು. ಬೆರಳು ತೆಗೆದರೆ ಮತ್ತೆ ಬಂತು. ಅರ್ಥಿಂಗ್ ಸರಿಯಿಲ್ಲ ಎಂದು ತಿಳಿಯಿತು. ಆದರೆ ಆಗಲೇ ಹೆಂಗಸರು ತೊಟ್ಟಿಲ ಸುತ್ತ ನಿಂತಿದ್ದರು, ರಿಪೇರಿಗೆ ಹೊತ್ತಿರಲಿಲ್ಲ. ಹಾಗೇ ಬೆರಳು ಹಿಡಿದು ನಿಂತುಬಿಟ್ಟೆ.

ತೊಟ್ಟಿಲು ತೂಗಿದರು, ಹೆಸರಿಟ್ಟರು, ಕೂಸು ಅತ್ತಿತು, ಮಲಗಿತು. ನಾನು ಬೆರಳು ಬಿಡಲಿಲ್ಲ. ಅರಿಶಿನ ಕುಂಕುಮದವರು ಬಂದಾಗ ಹಣೆಯೊಂದನ್ನು ಮುಂದೆ ಮಾಡಿದೆ. ತಾಂಬೂಲ ಕೊಡುವವರು ಬಂದಾಗ ಒಂದೇ ಕೈ ಒಡ್ಡಿದೆ. ಊಟಕ್ಕೆ ಎಲ್ಲರೂ ಕೂತರು. ನನಗೆ ಅವ್ವ ಬಂದು ಬಾಯಿಗೆ ತುತ್ತಿಟ್ಟಳು.

ಕಾಕಾ ಇದನ್ನೆಲ್ಲ ಪೂರ್ತಿ ನೋಡಿ, ಎಲೆ ಅಡಿಕೆ ಹಾಕಿಕೊಂಡು, ಮನೆಯ ಯಜಮಾನರಿಗೆ ಹೇಳಿದ: "ನನ್ನ ಸೆಟ್ಟು ಒಯ್ದ್ರ ಬರೇ ಸೆಟ್ಟು ಒಯ್ಯಬೇಕ್ರಿ. ಇದನ್ನ ಒಯ್ದ್ರ ಹುಡುಗಿನ್ನೂ ಒಯ್ಯಬೇಕು."

ಅಲ್ಲಿಯೇ ಕೂತಿದ್ದ ಶಹಾಪುರದ ಬೀಗರ ಕಡೆಯ ಒಬ್ಬ ಮುದುಕಿ ಕೊನೆಯ ಮಾತಷ್ಟೇ ಕೇಳಿಸಿಕೊಂಡಳು. ನನ್ನನ್ನು ಮೇಲಿಂದ ಕೆಳಗೆ ನೋಡಿ ಅವ್ವನಿಗೆ, ಹುಡುಗಿ ಶಾಂತ ಸ್ವಭಾವದವಳು ಕಾಣತಾಳ, ನಿಂತ ಜಾಗ ಬಿಟ್ಟು ಅಲುಗಾಡಿಲ್ಲ ಎಂದು, ತನ್ನ ಮೊಮ್ಮಗನ ವಿಷಯ ತೆಗೆದಳು.

ಬಿಟ್ಟುಹೋದ ಊಟ

ಅಷ್ಟರಲ್ಲಿ ಯಾದಗಿರಿಯಲ್ಲಿ ಮಾದರಿಗಳ ಪ್ರದರ್ಶನ ಇದೆ, ಕ್ಲಾಸಿನಿಂದ ಒಂದೇ ಮಾದರಿ ಕಳಿಸಬೇಕು ಎಂದು ಸರ್ ಹೇಳಿದರು. ಅಂದಿನಿಂದ ಗೆಳತಿ ನನ್ನ ಜೊತೆ ಊಟ ಬಿಟ್ಟಳು. ಅವಳು ಆ ಬೆಂಚಿನಲ್ಲಿ ಬರೀ ರೊಟ್ಟಿ ತಿನ್ನುತ್ತಿದ್ದಳು, ನಾನು ಈ ಬೆಂಚಿನಲ್ಲಿ ಚಟ್ನಿ ನೆಕ್ಕುತ್ತಿದ್ದೆ. ಇಬ್ಬರಿಗೂ ಹೊಟ್ಟೆ ತುಂಬುತ್ತಿರಲಿಲ್ಲ, ಬರೀ ಉರಿಯುತ್ತಿತ್ತು.

ಆರಿಸುವ ದಿನ ಇಬ್ಬರ ಪೆಟ್ಟಿಗೆಗಳನ್ನೂ ಒಂದೇ ಟೇಬಲ್ಲಿನ ಮೇಲೆ ಇಟ್ಟರು. ಅವಳದು ಹಚ್ಚಿದಾಗ ಡೊಳ್ಳಿನ ಪೆಟ್ಟು ನನ್ನ ಎದೆಗೇ ಬಿತ್ತು. ನನ್ನದು ಹಚ್ಚಿದಾಗ ಹಾಡಿದವಳು ಉಸಿರು ಎಳೆದುಕೊಂಡದ್ದೂ ಕೇಳಿತು, ಡೊಳ್ಳು ಮಾತ್ರ ಮುಂದಿನ ಓಣಿಯಲ್ಲಿತ್ತು. ಸರ್ ಹಿಂದಿನ ಬೆಂಚಿಗೆ ಹೋಗಿ ಕೂತು ಕಣ್ಣು ಮುಚ್ಚಿ ಮತ್ತೆ ಮತ್ತೆ ಕೇಳಿದರು. ನಾವಿಬ್ಬರೂ ಟೇಬಲ್ಲಿನ ಈ ಕಡೆ ಆ ಕಡೆ ನಿಂತಿದ್ದೆವು. ಸೋತರೆ ಮನೆಗೆ ಹೋಗಿ ಏನು ಹೇಳಬೇಕೆಂದು ನಾನು ಜೋಡಿಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಗೆಳತಿ ನನ್ನ ಕಡೆ ಬಾಗಿದಳು.

"ನಿಂದರಾಗ ಮಾತು ಎಷ್ಟು ಸ್ವಚ್ಛ ಕೇಳ್ತಾವ," ಅಂದಳು. "ನಂದರಾಗ ಎಲ್ಲಾರೂ ಬಾಯಾಗ ಎಲಿ ಇಟ್ಕೊಂಡು ಹಾಡಿದಂಗ ಐತಿ. ನಿಮ್ಮ ಮನ್ಯಾಗ ಅವತ್ತು ಪೆಟ್ಟಿಗಿ ನೋಡಿದಾಗಿಂದ ನನಗ ತಡಿಯಾಕ ಆಗವಲ್ದು."

"ನಿನ್ನ ಡೊಳ್ಳು ಕೇಳಿದಾಗಿಂದ ನನಗೂ ಹಂಗಾ ಐತಿ," ಅಂದೆ.

ಆ ಮಾತು ಹೊರಬಿದ್ದ ಮೇಲೆ ಇಬ್ಬರಿಗೂ ಹಗುರಾಯಿತು. ಸರ್ ಎದ್ದು ಬಂದು, ದಪ್ಪ ಧ್ವನಿಯನ್ನೆಲ್ಲ ಅವಳ ಪೆಟ್ಟಿಗೆಗೆ, ಉಳಿದದ್ದನ್ನು ನನ್ನ ಎರಡು ಪೆಟ್ಟಿಗೆಗೆ ಹಂಚುವ ಒಂದು ಸಣ್ಣ ಸರ್ಕ್ಯೂಟು ಮಾಡಿ, ಮೂರನ್ನೂ ಒಂದೇ ಮಾದರಿಯೆಂದು ಒಯ್ಯಿರಿ ಎಂದರು. ಅದಕ್ಕೆ ಕ್ರಾಸ್‌ಓವರ್ ಅನ್ನುತ್ತಾರೆ. ಯಾರ ಪಾಲು ಯಾರಿಗೆ ಎಂದು ಹಂಚಿ, ಜಗಳ ಬಿಡಿಸುವುದು ಅದರ ಕೆಲಸ.

ಅಂದು ಮಧ್ಯಾಹ್ನ ಒಟ್ಟಿಗೆ ಊಟಕ್ಕೆ ಕೂತೆವು. ನಮಗೆ ಯಾವ ಕ್ರಾಸ್‌ಓವರೂ ಇರಲಿಲ್ಲವಾದ್ದರಿಂದ ಚಟ್ನಿಯೆಲ್ಲ ಅವಳೇ ತಿಂದಳು.

ಯಾದಗಿರಿಯ ಬಹುಮಾನ

ಯಾದಗಿರಿಯ ಸಭಾಂಗಣದಲ್ಲಿ ನಮ್ಮ ಮೂರು ಪೆಟ್ಟಿಗೆಗಳ ಸುತ್ತ ಮಂದಿ ನೆರೆದಿದ್ದರು. ನೋಡಲು ಬಂದ ತೀರ್ಪುಗಾರರು ಇದನ್ನು ಮಾಡಿದ್ದು ಯಾರು ಎಂದು ಕೇಳಿದರು. ಇಬ್ಬರೂ ಒಂದೇ ಉಸಿರಿಗೆ "ನಾನ್ರೀ" ಅಂದೆವು. ಪೆಟ್ಟಿಗೆಯೊಳಗೆ ಪೈಪು ಯಾಕೆ, ಅರಳೆ ಯಾಕೆ, ಇಳಿಜಾರು ಯಾಕೆ ಎಂದು ಕೆದಕಿ ಕೇಳಿದರು. ಒಂದಕ್ಕೆ ಅವಳು ಉತ್ತರ ಹೇಳಿದರೆ ಇನ್ನೊಂದಕ್ಕೆ ನಾನು ಇನ್ನೂ ಉದ್ದ ಉತ್ತರ ಹೇಳಿದೆ. ಅವಳು ಅದಕ್ಕಿಂತ ಉದ್ದ ಹೇಳಿದಳು. ತೀರ್ಪುಗಾರರು ಸಾಕು ಸಾಕು ಅಂದರು. ಸಂಜೆ ಮೊದಲ ಬಹುಮಾನ ನಮಗೇ ಎಂದು ಕೂಗಿದಾಗ ಇಬ್ಬರೂ ಕೈ ಹಿಡಿದುಕೊಂಡು ವೇದಿಕೆಗೆ ಓಡಿದೆವು. ಮಿರಿಮಿರಿ ಕಾಗದ ಸುತ್ತಿದ ಒಂದು ಸಣ್ಣ ಪೊಟ್ಟಣ ಕೊಟ್ಟರು. ಇಬ್ಬರಿಗೂ ಸೇರಿ ಒಂದೇ.

ನಮ್ಮ ಪೆಟ್ಟಿಗೆಗಳನ್ನು ಸರ್ ತಮ್ಮ ಜೊತೆ ಗಾಡಿಯಲ್ಲಿ ಒಯ್ದರು. ನಾವು ಪೊಟ್ಟಣ ಹಿಡಿದು ಬಸ್ಸು ಹತ್ತಿದೆವು. ಸೀಟು ಸಿಕ್ಕ ಕೂಡಲೇ ಕಾಗದ ಹರಿದೆವು. ಒಳಗೆ ಅಂಗಡಿಯ ಬ್ಲೂಟೂತ್ ಸ್ಪೀಕರು. ಮನೆಯಲ್ಲಿ ಸ್ಪೀಕರು ಮಾಡಿದ್ದಕ್ಕೆ ಅಂಗಡಿಯ ಸ್ಪೀಕರು ಬಹುಮಾನ. ಗಾತ್ರ ನೀರು ಕುಡಿಯುವ ಲೋಟದಷ್ಟು.

ಇಬ್ಬರೂ ನಕ್ಕೆವು. ಇಷ್ಟು ಸಣ್ಣದು ಏನು ಕೂಗೀತು ಎಂದು ಅವಳು ತನ್ನ ಮೊಬೈಲಿನಿಂದ, ಕ್ಲಾಸಿನಲ್ಲಿ ಹಚ್ಚಿದ್ದ ಅದೇ ಹಾಡನ್ನು ಹಚ್ಚಿದಳು. ಡೊಳ್ಳು ಬಿತ್ತು. ಎದುರು ಸೀಟಿನವರು ಹಿಂತಿರುಗಿ ನೋಡಿದರು. ಹಾಡಿದವಳ ಉಸಿರೂ ಕೇಳಿತು. ನಮ್ಮ ಮೂರು ಪೆಟ್ಟಿಗೆ ಸೇರಿ ಮಾಡಿದ್ದನ್ನು ಆ ಲೋಟ ಒಂದೇ ಮಾಡುತ್ತಿತ್ತು, ಅದಕ್ಕಿಂತ ಚೆನ್ನಾಗಿಯೇ ಮಾಡುತ್ತಿತ್ತು.

ನಮ್ಮ ನಗು ನಿಂತಿತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ನಮ್ಮಿಬ್ಬರಿಗೂ ಒಂದೇ ವಸ್ತುವಿನ ಮೇಲೆ ಒಂದೇ ಹೊತ್ತಿಗೆ ಹೊಟ್ಟೆ ಉರಿದದ್ದು ಅದೇ ಮೊದಲು. ಅವಳು ಕೈ ಚಾಚಿದಳು. ನಾನು ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಕೊಟ್ಟೆ.

ಪಕ್ಕದಲ್ಲಿ ಕೂತಿದ್ದ ರುಮಾಲಿನ ಹಿರಿಯರೊಬ್ಬರು ಬಹಳ ಹೊತ್ತಿನಿಂದ ನೋಡುತ್ತಿದ್ದರು. ಕೆಟ್ಟಿದೆಯೇನು ಎಂದು ಕೇಳಿದರು.

"ಇಲ್ರಿ ಯಜ್ಜಾ, ಭಾಳ ಚಲೋ ಐತಿ," ಅಂದೆ.

"ಮತ್ತ ಯಾಕ ಬಿಚ್ಚಾಕತ್ತೀರಿ?"

"ಅದಕ್ಕಾ ರೀ," ಅಂದಳು ಗೆಳತಿ.

ಸ್ಕ್ರೂಗಳು ಒಂದೊಂದಾಗಿ ಅವಳ ದುಪಟ್ಟಾದ ಗಂಟಿಗೆ ಹೋದವು. ಒಳಗಿನ ಸ್ಪೀಕರು, ಅದರ ದಪ್ಪ ಆಯಸ್ಕಾಂತ ಎಲ್ಲ ಅವಳ ಅಂಗೈಗೆ ಬಂತು. ಬೋರ್ಡು, ಬ್ಯಾಟರಿ, ಖಾಲಿ ಡಬ್ಬಿ ನನ್ನ ತೊಡೆಯ ಮೇಲಿದ್ದವು. ಎರಡರ ನಡುವೆ ಕೂದಲಿನಂಥ ಎರಡು ವೈರು. ಇಷ್ಟು ಸಣ್ಣದು ಇಷ್ಟು ಹೇಗೆ ದಬ್ಬುತ್ತದೆ ಎಂದು ಇಬ್ಬರೂ ತಲೆಗೆ ತಲೆ ಹಚ್ಚಿ ನೋಡುತ್ತಿರುವಾಗ ಬಸ್ಸು ನಿಂತಿತು. ಕಂಡಕ್ಟರ್ ದೋರನಹಳ್ಳಿ ದೋರನಹಳ್ಳಿ ಎಂದು ಕೂಗಿ, ಇಳಿಯುವವರು ಲಗೂನ ಇಳೀರಿ ಎಂದು ಗದರಿದ. ಗೆಳತಿ ದಡಬಡಿಸಿ ಎದ್ದಳು. ವೈರು ಟಕ್ ಎಂದು ಹರಿಯಿತು. ಅವಳು ಬಾಗಿಲಿನಿಂದ ಜಿಗಿದ ಮೇಲೆ, ಬಸ್ಸು ಹೊರಟ ಮೇಲೆ, ಕಿಟಕಿಯಿಂದ ನೋಡಿದೆ. ಅವಳೂ ರಸ್ತೆಯಲ್ಲಿ ನಿಂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದಳು.

ಮನೆಗೆ ಬಂದರೆ ನನಗಿಂತ ಮೊದಲೇ ಸುದ್ದಿ ಬಂದಿತ್ತು. ಅಪ್ಪ ಟೇಬಲ್ಲು ಒರೆಸಿ ಮೇಲೆ ಒಗೆದ ಬಟ್ಟೆ ಹಾಸಿದ್ದರು. ಅಜ್ಜಿ ಎಲ್ಲರಿಗಿಂತ ಮುಂದೆ ಕೂತಿದ್ದಳು. ಮೊದಲು ನೀರು ಬರುವ ಎದುರು ಮನೆಯವರನ್ನು ಅವ್ವ ಬೇಕೆಂದೇ ಕರೆಸಿ, ಚಹಾ ಕೊಟ್ಟು, ಎದುರಿಗೆ ಕೂಡಿಸಿದ್ದಳು. ಬಹುಮಾನ ತೋರಿಸು, ಹಾಡು ಹಚ್ಚು ಎಂದರು.

ಡಬ್ಬಿ, ಬೋರ್ಡು, ಬ್ಯಾಟರಿ ಮೂರನ್ನೂ ಬಟ್ಟೆಯ ಮೇಲಿಟ್ಟೆ. ಬಟನ್ ಒತ್ತಿದೆ. ನೀಲಿ ದೀಪ ಪಕ ಪಕ ಹತ್ತಿತು. ಎಲ್ಲರೂ ಕಿವಿಯೊಡ್ಡಿ ಕಾದರು. ಎದುರು ಮನೆಯವರು ಚಹಾದ ಬಟ್ಟಲು ಕೆಳಗಿಟ್ಟು ಇನ್ನೂ ಸ್ವಲ್ಪ ಮುಂದಕ್ಕೆ ಸರಿದರು.

"ದೀಪೇನೋ ಹತ್ತಿತವ್ವ," ಅಂದರು ಅಪ್ಪ. "ಧ್ವನಿ ಎಲ್ಲೈತಿ?"

"ಅದು ದೋರನಹಳ್ಳ್ಯಾಗ ಇಳದು ಹೋತಪ್ಪ," ಅಂದೆ.